ರೇಷ್ಮೆ ಹುಳು ಕಲಿಸಿದ ಕಸರತ್ತು

ನಾನು ಚಿಕ್ಕವನಿದ್ದಾಗ ನನ್ನ ಕೈಕಾಲುಗಳು ಹಿಪ್ಪುನೇರಳೆ ಕಡ್ಡಿಯಂತಿದ್ದವು. ಪಕ್ಕದ ಮನೆಯ ಅಣ್ಣ ನನ್ನನ್ನು ‘ಬಕ್ಕೋಡಾ’ ಎಂದೇ ಕರೆಯುತ್ತಿದ್ದ. ಮುಳಬಾಗಿಲು ಕಡೆಯ ನಮ್ಮೂರಿನಲ್ಲಿ ಅರ್ಧ ಮಾತು ತೆಲುಗು. ಬಕ್ಕೋಡು ಎಂದರೆ ಸಣಕಲ. ಆ ಅಣ್ಣನೇ ಕಬಡ್ಡಿ ತಂಡದ ಕ್ಯಾಪ್ಟನ್. ತಂಡಕ್ಕೆ ಸೇರಬೇಕಾದರೆ ಅರಳಿಕಟ್ಟೆಯ ಮುಂದಿನ ಗುಂಡುಕಲ್ಲನ್ನು ಎದೆಯವರೆಗೆ ಎತ್ತಲೇಬೇಕು ಎಂಬುದು ಅವನ ಕಾನೂನು. ಬೇಸಿಗೆ ರಜೆಯ ಕೊನೆಗೆ, ಒಣಗಿದ ಕೆರೆಯಂಗಳದಲ್ಲಿ ಪಕ್ಕದೂರು ದೇವರಾಯಸಮುದ್ರದವರ ಜೊತೆ ಪಂದ್ಯವಿತ್ತು. ಅದರಲ್ಲಿ ಆಡುವ ಆಸೆಗೆ ನನಗೆ ನಿದ್ದೆಯೇ ಹತ್ತುತ್ತಿರಲಿಲ್ಲ.

ಮೊದಲ ದಿನ ಕಲ್ಲನ್ನು ತಬ್ಬಿ ಎಳೆದೆ. ಅದು ಅಲುಗಾಡಲಿಲ್ಲ, ನಾನೇ ಅಲುಗಾಡಿದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಹಟ ಬಂತು. ಬೆಳಿಗ್ಗೆ ಎದ್ದರೆ ಕಲ್ಲು, ಸಂಜೆಯಾದರೆ ಕಲ್ಲು. ಕೆಲವೇ ದಿನಗಳಲ್ಲಿ ಮೈಯೆಲ್ಲ ಹಣ್ಣುಹಣ್ಣಾಗಿ, ಮುದ್ದೆ ಮುರಿದು ಬಾಯಿಗಿಡಲು ಕೈ ಮೇಲೇಳಲಿಲ್ಲ. ಅಕ್ಕ ಹುರುಳಿಕಾಳಿನ ಸಾರಿನಲ್ಲಿ ಅದ್ದಿ ಅದ್ದಿ ತುತ್ತು ಕೊಟ್ಟಳು. ನಾಚಿಕೆಯಿಂದ ನನಗೆ ಅಳುವೇ ಬಂತು.

ಅಪ್ಪ ನನ್ನನ್ನು ನಡುಮನೆಗೆ ಕರೆದರು. ಅಲ್ಲಿ ಸಾಲಾಗಿ ಜೋಡಿಸಿದ ಬಿದಿರಿನ ತಟ್ಟೆಗಳಲ್ಲಿ ನಮ್ಮ ರೇಷ್ಮೆ ಹುಳುಗಳಿದ್ದವು. ಆವತ್ತು ಅವು ಸೊಪ್ಪು ಮುಟ್ಟದೆ, ತಲೆಯೆತ್ತಿಕೊಂಡು ತೆಪ್ಪಗೆ ಕೂತಿದ್ದವು. ಬೆಳೆಯುವ ಹುಳು ನಾಲ್ಕು ಸಲ ಹೀಗೆ ಕೂತು ಪೊರೆ ಬಿಡುತ್ತದೆ. ಅದು ಕಾಯಿಲೆಯಲ್ಲ, ಆದರೂ ನಮ್ಮ ಕಡೆ ಅದನ್ನು ‘ಜ್ವರ’ ಎನ್ನುತ್ತಾರೆ.

“ತಿಂದಿದ್ದು ಮೈಗೆ ಹತ್ತೋದು ಹಿಂಗೆ ಕೂತಾಗ್ಲೇ ಕಣೋ,” ಎಂದರು ಅಪ್ಪ. “ಜ್ವರ ಬಿಟ್ಟು ಎದ್ಮೇಲೆ ನೋಡು, ಹೆಂಗೆ ತಿಂತವೆ! ನೀನೇನ್ಲಾ, ಒಂದಿನಾನೂ ಕೂರ್ದೆ ಬಲ ಬರ್ಬೇಕು ಅಂತೀಯ? ಕಲ್ಲಿನ ತಂಟೆ ಬಿಡು. ಅಕ್ಕನ್ ಜೊತೆ ಸೊಪ್ಪು ಹೊರು.”

ನನ್ನನ್ನು ದುಡಿಸಿಕೊಳ್ಳಲು ಹೂಡಿದ ಉಪಾಯವೆಂದು ಗೊಣಗುತ್ತಲೇ ತೋಟಕ್ಕೆ ಹೋದೆ. ಮೊದಮೊದಲು ಒಂದು ಪುಟ್ಟಿ ಸೊಪ್ಪು ಸಾಕಿತ್ತು. ಹುಳುಗಳು ಒಂದೊಂದು ಜ್ವರ ಬಿಟ್ಟು ಎದ್ದಾಗಲೂ ಹೊರೆ ದಪ್ಪವಾಗುತ್ತಾ ಹೋಯಿತು. ಅವು ಕೂತರೆ ನಮಗೂ ಬಿಡುವು. ಹೊಂಗೆಯ ನೆರಳಿನಲ್ಲಿ ಕಡಲೆಕಾಯಿ ತಿಂದು ಬಿದ್ದುಕೊಳ್ಳುತ್ತಿದ್ದೆ. “ಸೊಂಟದಿಂದ ಎತ್ಬೇಡ್ವೋ, ಮಂಡಿ ಬಗ್ಸು. ತೊಡೆ ಮೇಲಿಟ್ಕೊಂಡು ಒಂದೇ ಸಲಕ್ಕೆ ಏಳು,” ಎಂದು ಅಕ್ಕ ಹೇಳಿಕೊಟ್ಟಳು. ನಾಲ್ಕನೇ ಜ್ವರ ಕಳೆದ ಮೇಲಂತೂ ಹುಳುಗಳು ಸೊಪ್ಪು ಮೇಯುವ ಸದ್ದು ಮನೆಯೊಳಗೇ ಸೋನೆಮಳೆ ಹಿಡಿದಂತಿತ್ತು. ಹೊರೆ ನನಗಿಂತ ದಪ್ಪ! ಆದರೂ ಅಕ್ಕನ ನೆರವಿಲ್ಲದೆ ಒಬ್ಬನೇ ತಲೆಗೇರಿಸಿದೆ. ಹಸಿ ಸೊಪ್ಪಿನ ನೀರು ಕೆನ್ನೆಯ ಮೇಲೆ ಇಳಿಯುತ್ತಿತ್ತು, ಅಂಗಿಯ ತೋಳು ಬಿಗಿಯುತ್ತಿತ್ತು.

ಹುಳುಗಳು ಗೂಡು ಕಟ್ಟಲು ಶುರುಮಾಡಿದವು, ಸೊಪ್ಪಿನ ಕೆಲಸ ಮುಗಿಯಿತು. ಚೆನ್ನಾಗಿ ತಿಂದು, ಮಲಗೆದ್ದು, ಪಂದ್ಯದ ಹಿಂದಿನ ಸಂಜೆ ಅರಳಿಕಟ್ಟೆಗೆ ಹೋದೆ.

“ಬಕ್ಕೋಡಾ, ಮತ್ತೆ ಬಂದ್ಯೇನ್ಲಾ?” ಎಂದು ಅಣ್ಣ ನಕ್ಕ.

ಬಿಸಿಲಿಗೆ ಕಾದ ಕಲ್ಲು ಇನ್ನೂ ಬೆಚ್ಚಗಿತ್ತು. ಮಂಡಿ ಬಗ್ಗಿಸಿ ಹಿಡಿದೆ. ಅಬ್ಬಾ, ಕಲ್ಲು ನೆಲ ಬಿಟ್ಟಿತು! ತೊಡೆಯ ಮೇಲೆ ತಂದುಕೊಂಡೆ. ಅಲ್ಲಿಂದ ಮೇಲೆ ಬರಲೊಲ್ಲದು. ಕಿವಿಯಲ್ಲಿ ಗುಂಯ್ ಎಂದಿತು. ಇನ್ನೇನು ಕೈ ಬಿಡಬೇಕು, ಅಷ್ಟರಲ್ಲಿ ಸೊಪ್ಪಿನ ಹೊರೆ ನೆನಪಾಯಿತು. ತೊಡೆಗಳಿಗೆ ಬಲ ಕೊಟ್ಟು ಒಂದೇ ಸಲಕ್ಕೆ ಎದ್ದೆ. ಕಲ್ಲು ಎದೆಗೆ ಬಂದಿತ್ತು! ಅದನ್ನು ದಾರಿಯಲ್ಲೇ ಧೊಪ್ಪನೆ ಬಿಟ್ಟು ಹುಚ್ಚನಂತೆ ಕುಣಿದೆ.

ಅದೇ ಹೊತ್ತಿಗೆ ಅಕ್ಕ ಹುಲ್ಲಿನ ಹೊರೆ ಹೊತ್ತು ಬಂದಳು. “ದಾರಿಗಡ್ಡ ಯಾಕೋ ಹಾಕಿದ್ದೀಯ ಇದನ್ನ?” ಎಂದು ಹೊರೆ ಇಳಿಸಿ, ಕಲ್ಲನ್ನು ಮಗು ಎತ್ತಿಕೊಂಡಂತೆ ಎತ್ತಿ ಕಟ್ಟೆಯ ಮೇಲಿಟ್ಟು, ಮತ್ತೆ ಹೊರೆ ಹೊತ್ತು ಹೋದಳು. “ಅಮ್ಮೋ!” ಎಂದ ಅಣ್ಣ, ಮೆಲ್ಲಗೆ ಕೇಳಿದ: “ನಾಳೆ ಆಟಕ್ಕೆ ನಿಮ್ಮಕ್ಕನೂ ಬರ್ತಾರೇನೋ?”

ಅಕ್ಕ ಬರಲಿಲ್ಲ, ಆಗ ನಮ್ಮೂರಿನಲ್ಲಿ ಹೆಣ್ಣುಮಕ್ಕಳಿಗೆ ತಂಡವೇ ಇರಲಿಲ್ಲ. ನಾನು ಆಡಿದೆ. ನಾವು ಸೋತೆವು, ಆದರೆ ಆವತ್ತು ಅಣ್ಣ ನನ್ನನ್ನು ಹೆಸರು ಹಿಡಿದು ಕರೆದ. ಆ ಖುಷಿಗೆ ಸೋತಿದ್ದೇ ಮರೆತುಹೋಯಿತು.

ಮಕ್ಕಳೇ, ಈಗ ನನ್ನ ಮೊಮ್ಮಗಳು ಶಾಲೆಯ ಕಬಡ್ಡಿ ತಂಡಕ್ಕಾಗಿ ಜಿಮ್ಮಿಗೆ ಹೋಗುತ್ತಾಳೆ. ಅಲ್ಲಿ ಗೋಡೆ ತುಂಬ ಕನ್ನಡಿ, ತೂಕ ಕೊರೆದ ಕಬ್ಬಿಣದ ಬಿಲ್ಲೆಗಳು. ಭಾರ ಎತ್ತಿದಾಗ ಸ್ನಾಯುವಿನ ಎಳೆಗಳು ದಣಿದು ಸಣ್ಣಗೆ ನೋಯುತ್ತವೆ, ಉಂಡು ಮಲಗಿದಾಗ ದೇಹ ಅವನ್ನು ಸರಿಪಡಿಸಿ ಮೊದಲಿಗಿಂತ ಗಟ್ಟಿ ಮಾಡುತ್ತದೆ ಎಂದು ನನಗೆ ಹೇಳಿಕೊಟ್ಟವಳು ಅವಳೇ. ಆದರೂ ಮೊನ್ನೆ ಜಡೆ ಹಾಕಿಕೊಳ್ಳಲು ಕೈ ಎತ್ತಲಾಗದೆ ಕೂತಿದ್ದಳು. “ತಾತ, ನಾಳೆ ಇನ್ನೂ ಜಾಸ್ತಿ ಎತ್ಬೇಕು. ಇಲ್ದಿದ್ರೆ ತಂಡಕ್ಕೆ ತಗೊಳ್ಳಲ್ಲ,” ಎಂದಳು, ಕಣ್ಣಲ್ಲಿ ನೀರು.

ನಾನು ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಅವಳ ಬಾಯಿಗಿಟ್ಟೆ.

“ನಾಳೆ ನಿಂಗೆ ಜ್ವರ ಕಣೇ. ತೆಪ್ಪಗೆ ಕೂತ್ಕೋ.”