ಶರಣಪ್ಪನವರ ಟಂಟಂ ತರಲು ಹೋದದ್ದು

ಯಾದಗಿರಿಯಿಂದ ಬೆಳಗಿನ ಬಸ್ಸು ಹೊರಡುವಾಗಲೇ ಬಿಸಿಲು ಚುರುಗುಟ್ಟುತ್ತಿತ್ತು. ಹೆಣ್ಣುಮಕ್ಕಳಿಗೆ ಟಿಕೆಟ್ ಉಚಿತವಾದ್ದರಿಂದ ನಾನು ಹಾಯಾಗಿ ಕುಳಿತೆ. ಜೊತೆಗಿದ್ದ ನಿವೃತ್ತ ಡ್ರೈವರ್ ಖಾಜಾಸಾಹೇಬರು ಮಾತ್ರ ಜೇಬಿಗೆ ಕೈಹಾಕಬೇಕಾಯಿತು.

"ಬಸ್ ಹೊಡದ್ ಹೊಡದ್ ಮುದುಕ ಆದ್ನಿ. ಈಗ ರೊಕ್ಕಾನೂ ನಾನೇ ಕೊಡಬೇಕೇನ್ರಿ ಟೀಚರ್?" ಎಂದು ಭೀಮಾ ಸೇತುವೆ ದಾಟುವತನಕ ಗೊಣಗಿದರು.

ನಾವು ಹೊರಟಿದ್ದು ಒಂದು ಟಂಟಂ ತರಲು. ಹಳ್ಳಿಗಳ ಬಾವಿ, ಬೋರುಗಳ ನೀರು ಪರೀಕ್ಷಿಸಿ, ಕುಡಿಯಬಹುದೋ ಬಾರದೋ ಎಂದು ಹೇಳುವ ಸಣ್ಣ ಸಂಸ್ಥೆ ನಮ್ಮದು. ದೇವಾಪುರದ ಶರಣಪ್ಪನವರು ತಮ್ಮ ಮೂರು ಗಾಲಿಯ ಸರಕಿನ ಟಂಟಂನಲ್ಲಿ ವರ್ಷಗಟ್ಟಲೆ ನಮ್ಮ ನೀರಿನ ಬಾಟಲಿಗಳನ್ನು ಬಾಡಿಗೆ ಕೇಳದೆ ತಂದುಕೊಟ್ಟವರು. ಕಳೆದ ಚಳಿಗಾಲದಲ್ಲಿ ತೀರಿಕೊಂಡರು. ತಮ್ಮ ನಂತರ ಗಾಡಿ ಸಂಸ್ಥೆಗೇ ಸೇರಲಿ ಎಂದು ಬರೆದಿಟ್ಟಿದ್ದರು. ಅವರ ಹೆಂಡತಿ ನೀಲಮ್ಮ ಫೋನಿನಲ್ಲಿ, "ಒಯ್ಯಾಕ ಬರ್ರಿ. ಪೂಜಾ ಗೀಜಾ ನೀವ ಮಾಡ್ಕೋರಿ. ಗಂಡ ಸತ್ತಾಕಿ ನಾ ಹೊರಗ ಬರೂದಿಲ್ಲ" ಎಂದಿದ್ದರು. ಆ ಮಾತು ಕೇಳಿದಾಗಿನಿಂದ ನನಗೆ ಸಂಕಟ. ಮನಸ್ಸಿಲ್ಲದವರ ಅಂಗಳದಿಂದ ಗಾಡಿ ಎಳೆದು ತರುವುದು ದಾನವಲ್ಲ, ದರೋಡೆ. ಅವರು ಹೊರಗೆ ಬಂದು ಮನಸಾರೆ ಕೀಲಿ ಕೊಡದಿದ್ದರೆ ಬರಿಗೈಯಲ್ಲಿ ವಾಪಸಾಗುವುದೆಂದು ನಿಶ್ಚಯಿಸಿದ್ದೆ.

ಶಹಾಪುರದಲ್ಲಿ ಇಳಿದು, ಮಲಗಿದ ಬುದ್ಧನಂತೆ ಕಾಣುವ ಬೆಟ್ಟವನ್ನು ನೋಡುತ್ತ ಮಂಡಕ್ಕಿಯ ಸುಸಲಾ, ಮಿರ್ಚಿ ಭಜಿ ತಿಂದೆವು. ಖಾಜಾಸಾಹೇಬರು ಟಿಕೆಟ್ಟಿನ ಸಿಟ್ಟನ್ನು ಮಿರ್ಚಿಯ ಮೇಲೆ ತೀರಿಸಿಕೊಂಡರು. ಮುಂದಿನ ಬಸ್ಸಿನಲ್ಲಿ ಸುರಪುರ ಮುಟ್ಟಿ, ಚೆಂಡುಹೂವಿನ ಮಾಲೆ, ತೆಂಗಿನಕಾಯಿ ಕೊಂಡು, ಆಟೋ ಹಿಡಿದು ದೇವಾಪುರಕ್ಕೆ ಬಂದಾಗ ನಡುಮಧ್ಯಾಹ್ನ.

ಟಂಟಂ ಅಂಗಳದಲ್ಲಿ ಮೈತೊಳೆದು ನಿಂತಿತ್ತು. ಓಣಿಯ ಹೆಂಗಸರೆಲ್ಲ ನೆರೆದಿದ್ದರು. ನೀಲಮ್ಮ ಕೀಲಿ ಹಿಡಿದು ಬಾಗಿಲ ಮರೆಯಲ್ಲೇ ಉಳಿದರು. ಕಾಯಿ ನೀವೇ ಒಡೆಯಿರಿ ಎಂದೆ. "ಬ್ಯಾಡ್ರಿ, ನಾ ಒಡದ್ರ ಮಂದಿ ಏನಂತಾರ?" ಎಂದು ತಲೆಯಾಡಿಸಿ ಕೀಲಿ ಚಾಚಿದರು. ನಾನು ಕೈ ಮುಂದೆ ಮಾಡಲಿಲ್ಲ.

ಆಗ ನೆರೆಮನೆಯ ದೇವಕ್ಕ ಟಂಟಂ ಮುಂದೆ ಎರಡೂ ಕೈ ಅಡ್ಡ ಹಿಡಿದು ನಿಂತರು. "ಗಾಡಿ ಹಂಗ ಬಿಡೂದಿಲ್ಲ. ನೀಲವ್ವ, ಹೊರಗ ಬಂದು ಹೆಸರು ಹೇಳು!"

ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮದುವೆಯಲ್ಲಿ ಮಾತ್ರ ಮದುಮಗಳಿಗೆ ಹೊಸ್ತಿಲಲ್ಲಿ ಅಡ್ಡ ನಿಂತು, ಪ್ರಾಸದ ಒಡಪು ಕಟ್ಟಿ ಹೆಸರು ಹೇಳಿದರೇ ಒಳಗೆ ಬಿಡುತ್ತೇವೆಂದು ಕಾಡುತ್ತಾರೆ. ಅದು ಮುತ್ತೈದೆಯರ ಆಟ. ಗಂಡನನ್ನು ಕಳೆದುಕೊಂಡವರಿಗೆ ಯಾರೂ ಹಾಗೆ ಕೇಳುವುದಿಲ್ಲ. ಆದರೂ ದೇವಕ್ಕ ಕೈ ಇಳಿಸಲಿಲ್ಲ.

ನೀಲಮ್ಮ ಸೆರಗು ಸರಿಮಾಡಿಕೊಂಡು ಹೊಸ್ತಿಲು ದಾಟಿದರು. ಟಂಟಂ ಮೇಲೆ ಕೈಯಿಟ್ಟು, ಮೊದಲು ಸಣ್ಣಗೆ, ಆಮೇಲೆ ಓಣಿಗೆಲ್ಲ ಕೇಳುವಂತೆ ಹೇಳಿದರು:

"ಬಿಸಲಾಗ ದುಡದ ಮಂದಿಗಿ ಬೇಕು ತಣ್ಣನ್ನ ನೀರು,
ಊರೂರ ನೀರು ಹೊತ್ತವರು ನಮ್ಮ ಶರಣಪ್ಪನವರು!"

ಹೆಂಗಸರು ಹೋ ಎಂದು ಚಪ್ಪಾಳೆ ತಟ್ಟಿದರು. ನೀಲಮ್ಮ ನಗುತ್ತಲೇ ಕಣ್ಣೊರೆಸಿಕೊಂಡರು. ನಾನೂ ಅತ್ತೆ, ಮುಚ್ಚಿಡುವುದೇನು! ಕಾಯಿಯನ್ನು ಅವರೇ ಒಡೆದರು, ಒಂದೇ ಏಟಿಗೆ ಎರಡು ಹೋಳು. ಆಮೇಲೆ ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟು, "ನಿಂದ್ರಸಬ್ಯಾಡ್ರಿ, ತುಕ್ಕು ಹಿಡೀತದ. ಓಡಸ್ರಿ" ಎಂದರು.

ಖಾಜಾಸಾಹೇಬರು ಗಾಡಿ ಚಾಲೂ ಮಾಡುವಷ್ಟರಲ್ಲಿ ನೀಲಮ್ಮನವರ ಮನಸ್ಸು ತಡೆಯಲಿಲ್ಲ. "ತಡೀರಿ. ಮಗಳನ್ನ ಗಂಡನ ಮನಿಗಿ ಕಳಸಾಕ ಸ್ವಲ್ಪ ದೂರ ಹೋಗೂದಿಲ್ಲೇನು? ಸುರಪುರ ಮಟ ನಾನೂ ಬರ್ತೀನಿ." ಗಂಡನಿದ್ದಾಗ ಪಕ್ಕದಲ್ಲಿ ಕೂರಲು ನಾಚಿ ಯಾವಾಗಲೂ ಹಿಂದೆ ಕೂರುತ್ತಿದ್ದವರು ಈ ಸಲ ಮುಂದೆಯೇ ಕುಳಿತರು. ಅತಿಥಿಯಾದ ನಾನು ಖಾಲಿ ಬಾಟಲಿಗಳ ಜೊತೆ ಹಿಂದಿನ ಡಬ್ಬಿಗೆ ಹೋದೆ.

ಊರ ಹೊರಗಿನ ಚಹಾದಂಗಡಿಯಲ್ಲಿ ಕುಳಿತವರು ಎದ್ದು ನೋಡಿದರು. ಯಾರೋ ಕೂಗಿ ಕೇಳಿದರು: "ಏ ನೀಲವ್ವಾ, ಎಲ್ಲಿಗಿ ಹೊಂಟಿ?"

ಟಂಟಂ ಸದ್ದಿಗಿಂತ ಜೋರಾಗಿ ಉತ್ತರ ಬಂತು: "ಊರೂರ ನೀರು ತರಾಕ!"