ಅತ್ತೆಯ ಕೈಗುಣ ಮತ್ತು ನಮ್ಮ ನೀಲಿ ಕ್ರೇಫಿಶ್

ನಮ್ಮತ್ತೆಯ ಕೈಗುಣದ ಮೇಲೆ ನ್ಯಾಮತಿಯ ನಮ್ಮ ಓಣಿಗೆ ಎಷ್ಟು ನಂಬಿಕೆಯೆಂದರೆ, ಯಾರೇ ಹೊಸ ಮನೆ ಕಟ್ಟಿಸಲಿ, ಹಾಲುಕ್ಕಿಸಲು ಅವರೇ ಬರಬೇಕು. ಎಮ್ಮೆ ಈದರೆ ಅದರ ಬೆನ್ನು ಸವರಲು ಅವರನ್ನು ಕರೆಯುತ್ತಾರೆ. ಕೂಸುಗಳ ನಾಲಿಗೆಗೆ ಮೊದಲ ಸಲ ಬಜೆ ತೇದು ಹಚ್ಚುವುದಂತೂ ಅವರ ಬೆರಳೇ. ವಯಸ್ಸಾದ ಮೇಲೆ ಮಂಡಿ ಹೋಯಿತು, ಕಣ್ಣು ಮಂಜಾಯಿತು, ಅಡುಗೆಮನೆ ನನ್ನ ಪಾಲಿಗೆ ಬಂತು. ಕೈಗುಣ ಒಂದು ಅವರ ಹತ್ತಿರವೇ ಉಳಿಯಿತು. ಅದರ ಬಗ್ಗೆ ಅವರಿಗೆ ಒಂದಿಷ್ಟು ಜಂಬವೂ ಇತ್ತು. ಇರಲಿ ಬಿಡಿ, ನಾನು ಹೊಲಿಯುವ ಬ್ಲೌಸುಗಳ ಬಗ್ಗೆ ನನಗಿಲ್ಲವೇ?

ಲೈನಿಂಗ್ ಬಟ್ಟೆ ತರಲು ಶಿವಮೊಗ್ಗಕ್ಕೆ ಹೋದಾಗ ಬಣ್ಣದ ಮೀನು ಮಾರುವ ಅಂಗಡಿಯಲ್ಲಿ ಆ ಕ್ರೇಫಿಶ್ ಕಂಡೆ. ಸೀಗಡಿಗೂ ಏಡಿಗೂ ನೆಂಟಸ್ತನವಿರುವ ಪ್ರಾಣಿ, ಬೆರಳುದ್ದ, ಮೈಯೆಲ್ಲ ನೀಲಿ. ನಾನು ಬಗ್ಗಿ ನೋಡಿದ್ದೇ ತಡ, ಇಕ್ಕಳದಂಥ ಎರಡೂ ಕೈ ಎತ್ತಿ ಗಾಜಿನಾಚೆಯಿಂದಲೇ ಜಗಳಕ್ಕೆ ಬಂತು. ಜಗಳಗಂಟಿ ಅಂತ ನನಗೂ ಮನೆಯಲ್ಲಿ ಹೆಸರಿದೆ. ನೋಡಿದ ಕೂಡಲೇ ಇಷ್ಟವಾಗಿಬಿಟ್ಟಿತು.

ಮೊದಲು ತೊಟ್ಟಿ ಹೊಂದಿಸಿಕೊಳ್ಳಿ, ಪ್ರಾಣಿಯನ್ನು ಆಮೇಲೆ ಒಯ್ಯಿರಿ ಎಂದರು ಅಂಗಡಿಯಲ್ಲಿ. ಪಡಸಾಲೆಯ ಕಲ್ಲಿನ ಕಟ್ಟೆ ಮೇಲೆ ಗಾಜಿನ ತೊಟ್ಟಿ ಇಟ್ಟೆ. ಮರಳನ್ನು ಅಕ್ಕಿ ತೊಳೆದಂತೆ ತೊಳೆತೊಳೆದು ಹಾಸಿದೆ. ನಲ್ಲಿ ನೀರಿನ ಬ್ಲೀಚಿಂಗ್ ಪೌಡರ್ ವಾಸನೆ ಹೋಗಲಿ ಅಂತ ಬಕೆಟ್ಟಿನಲ್ಲಿ ಬಿಟ್ಟು, ಮಾರನೇ ದಿನ ತುಂಬಿಸಿದೆ. ಗಾಳಿ ಬಿಡುವ ಪಂಪು, ಕೊಳೆ ಹಿಡಿಯುವ ಸ್ಪಂಜು ಎಲ್ಲ ಹಾಕಿ ವಾರಗಟ್ಟಲೆ ಖಾಲಿ ನೀರನ್ನೇ ಓಡಿಸಿದೆ. ಅಡಗಿಕೊಳ್ಳಲು ಬೋರ್‌ವೆಲ್ ಪೈಪಿನ ತುಂಡು. ಇದು ಗೋಡೆ ಹತ್ತಿ ಓಡಿಹೋಗುವ ಜಾತಿಯಂತೆ, ಹಾಗಾಗಿ ಮುಚ್ಚಳದ ಮೇಲೆ ನನ್ನ ಹಳೆಯ ಇಸ್ತ್ರಿಪೆಟ್ಟಿಗೆ. ಅಷ್ಟು ದಿನ ಮೀನು ಬರುತ್ತದೆಂದು ಕಾಯುತ್ತಿದ್ದ ಅತ್ತೆ, ಬಂದದ್ದನ್ನು ನೋಡಿ ಹೌಹಾರಿದರು.

"ಲಿಂಗ ಕಟ್ಟಿದ ಮನೆ ಕಣೇ ಇದು! ಜನ ಸಾರು ಮಾಡ್ಕಂಡು ತಿನ್ನೋದನ್ನ ಪಡಸಾಲ್ಯಾಗೆ ತಂದು ಇಟ್ಟೀಯಲ್ಲ!"

"ತಿನ್ನಾಕೆ ತಂದಿಲ್ಲ ಅತ್ತೇರೆ, ಸಾಕಾಕೆ ತಂದೀನಿ."

"ಸಾಕಾಕೆ ನಿನಗೆ ನಿನ್ನ ಗಂಡ ಸಾಲಲ್ವೇನು?"

ಗಂಡ ಪೇಪರಿನಿಂದ ತಲೆ ಎತ್ತಲಿಲ್ಲ. ಅಂಗಡಿಯಲ್ಲಿ ಕೊಟ್ಟ ಮೀನುಪುಡಿಯ ಉಂಡೆಗಳ ಡಬ್ಬಿಯನ್ನು ಅತ್ತೆ ಹೊಸ್ತಿಲ ಒಳಗೆ ಬಿಡಲಿಲ್ಲ. ಹಾಗಾಗಿ ಬೇಯಿಸಿದ ಪಾಲಕ್, ಬಟಾಣಿ, ಸೌತೆ ಹೋಳು ಹಾಕಿದೆವು. ಅದು ಎಲೆಯನ್ನು ಎರಡೂ ಕೈಯಲ್ಲಿ ಹಿಡಿದು ಬಾಯಿಗಿಟ್ಟುಕೊಳ್ಳುವುದನ್ನು ಅತ್ತೆ ಗಾಜಿಗೆ ಮೂಗು ತಾಗಿಸಿ ನೋಡಿದರು. ವಾರದೊಳಗೆ ಓಣಿಗೆಲ್ಲ ಸುದ್ದಿ ಸಾರಿದರು: "ನಮ್ಮನಿಗೆ ಬಂದು ಸೊಪ್ಪು ತಿನ್ನಾಕೆ ಹತ್ತೈತಿ ನೋಡ್ರಿ. ನನ್ನ ಕೈಯಾಗಿಂದು ಅಂದ್ರೆ ಒಂದೂ ಬಿಡಲ್ಲ." ನಾನು ಎಲೆ ಹಾಕಿದರೂ ತಿನ್ನುತ್ತಿತ್ತು. ಆದರೆ ಅದನ್ನು ಹೇಳಿ ಏನಾಗಬೇಕು?

ಒಂದು ದಿನ ಅದು ಪೈಪಿನಿಂದ ಹೊರಗೆ ಬರಲಿಲ್ಲ. ಮರುದಿನ ಬಂತು, ನಡೆಯಲಾರದೆ ಮರಳ ಮೇಲೆ ಒಂದು ಮಗ್ಗುಲಾಗಿ ಬಿತ್ತು. ಕೈಗಳು ಜೋಲುಬಿದ್ದಿದ್ದವು. ಮೊಬೈಲಿನಲ್ಲಿ ಹುಡುಕಿದರೆ ಎಲ್ಲರೂ ಒಂದೇ ಮಾತು ಹೇಳುತ್ತಿದ್ದರು: ಈ ಜಾತಿಗೆ ತಾಮ್ರ ವಿಷ. ತೊಟ್ಟಿಯಲ್ಲಿ ತಾಮ್ರ ಎಲ್ಲಿಂದ ಬರಬೇಕು ಅಂದುಕೊಳ್ಳುತ್ತಿರುವಾಗಲೇ, ಅತ್ತೆ ಪೂಜೆ ಮುಗಿಸಿ ವಿಭೂತಿ ಹಣೆಯಲ್ಲಿ ಬಂದರು. ಮುಚ್ಚಳ ಸರಿಸಿ, ತಾಮ್ರದ ಕೊಡದಲ್ಲಿ ರಾತ್ರಿಯಿಡೀ ನಿಂತ ನೀರನ್ನು ಒಂದು ಚೊಂಬು ತುಂಬ ಸುರಿದರು.

"ದಿನಾ ಹಾಕ್ತೀರೇನು ಅತ್ತೇರೆ?"

"ಮತ್ತೆ? ನಾವು ಕೊಡದ ನೀರು ಕುಡುದು ಗಟ್ಟಿಮುಟ್ಟಾಗಿಲ್ವಾ? ಪಾಪ, ಅದಕ್ಕೆ ಮಾತ್ರ ನಲ್ಲಿ ನೀರು ಯಾಕೆ?"

ನಿಜ ಹೇಳಲು ನನ್ನ ನಾಲಿಗೆ ಏಳಲಿಲ್ಲ. ಯಾರ ಮುಖ ಮುರಿಯಲೂ ಹಿಂದೆಮುಂದೆ ನೋಡದವಳು ನಾನು. ಆದರೆ ನಿಮ್ಮ ಕೈಯಿಂದಲೇ ಇದು ಸಾಯುತ್ತಿದೆ ಅಂತ ಆ ಮುಖಕ್ಕೆ ಹೇಗೆ ಹೇಳುವುದು? "ನಲ್ಲಿ ನೀರಿಗೆ ಬ್ಲೀಚಿಂಗ್ ಜಾಸ್ತಿ ಬಿದ್ದೈತೆ, ಅದಕ್ಕೆ ಹಿಂಗಾಗೈತೆ" ಅಂದುಬಿಟ್ಟೆ. ಅವರು ಹಿತ್ತಲ ಕಡೆ ಹೋದದ್ದೇ ಅರ್ಧ ನೀರು ತೆಗೆದು, ಬಕೆಟ್ಟಿನಲ್ಲಿ ಬಿಟ್ಟಿದ್ದ ನೀರು ತುಂಬಿಸಿದೆ.

ಸುಳ್ಳಿಗೆ ಕೂಲಿ ಕೂಡಲೇ ಸಿಕ್ಕಿತು. ಸಂಜೆ ನೋಡುತ್ತೇನೆ, ಮಂಡಿನೋವಿನ ಹೆಂಗಸು ಇಡೀ ಕೊಡವನ್ನೇ ಸೊಂಟಕ್ಕೇರಿಸಿಕೊಂಡು ತೊಟ್ಟಿಯ ಹತ್ತಿರ ನಿಂತಿದ್ದಾರೆ. "ಆ ಬ್ಲೀಚಿಂಗ್ ನೀರೆಲ್ಲ ಚೆಲ್ಲಿಬಿಡು. ಇನ್ನ ಪೂರ್ತಿ ನನ್ನ ನೀರೇ ಹಾಕಾನ."

"ಬ್ಯಾಡ ಅತ್ತೇರೆ! ನಿಮ್ಮ ಕೊಡದ ನೀರೇ ಅದಕ್ಕೆ ವಿಷ ಆಗಿರೋದು!"

ಕೂಗಿಯೇಬಿಟ್ಟೆ. ಅವರು ಕೊಡ ಕೆಳಗಿಟ್ಟರು. ತಾಮ್ರದ ವಿಷಯವನ್ನು ನಾನು ಬಿಡಿಸಿ ಹೇಳಿದೆ. ಎಲ್ಲ ಕೇಳಿ ಇಷ್ಟೇ ಅಂದರು: "ಅಡಿಕೆಗೆ ರೋಗ ಬಂದ್ರೆ ಮೈಲುತುತ್ತ ಹೊಡಿತೀವಿ. ಅದೂ ತಾಮ್ರದ್ದೇ. ಅದಕ್ಕೆ ನಾವು ಬಾಯಿಗೆ ಬಟ್ಟೆ ಕಟ್ಕಂತೀವಿ. ನನಗೆ ಹೊಳೀಲಿಲ್ಲ ನೋಡು."

ಮಾರನೇ ದಿನ ಪಕ್ಕದ ಮನೆಯಾಕೆ ಮೊಮ್ಮಗುವನ್ನು ಎತ್ತಿಕೊಂಡು ಬಜೆ ಹಾಕಿಸಲು ಬಂದರು. ಅತ್ತೆ ಎರಡೂ ಕೈಯನ್ನು ಸೆರಗಿನೊಳಗೆ ಸೇರಿಸಿದರು. "ಬ್ಯಾರೆಯೋರ ಕೈಲಿ ಹಾಕಿಸ್ಕಳವ್ವ. ನನ್ನ ಕೈ ಈಗ ಸರಿಯಿಲ್ಲ." ಆಕೆ ನನ್ನ ಮುಖ ನೋಡಿದರು, ನಾನು ಹೊಲಿಗೆ ನೋಡಿದೆ. ಅತ್ತೆಗೆ ಊಟ ಸೇರಲಿಲ್ಲ. ಪಡಸಾಲೆ ದಾಟುವಾಗ ತೊಟ್ಟಿಯ ಕಡೆ ತಿರುಗದೆ ಗೋಡೆ ಹಿಡಿದು ಹೋಗುತ್ತಿದ್ದರು. ನನಗೆ ಆ ಪ್ರಾಣಿಗಿಂತ ಅವರದೇ ಚಿಂತೆಯಾಯಿತು.

ದಿನವೂ ಸ್ವಲ್ಪಸ್ವಲ್ಪ ನೀರು ಬದಲಿಸುತ್ತ ಹೋದೆ. ಕ್ರೇಫಿಶ್ ಸಾಯಲಿಲ್ಲ. ಎದ್ದು ನಿಂತಿತು, ಮೀಸೆ ಆಡಿಸಿತು, ಪೈಪಿನ ಬಾಯಿಗೆ ಬಂದು ಕೂತಿತು. ತಿನ್ನಲು ಮಾತ್ರ ಒಲ್ಲೆ ಎಂದಿತು. ಒಂದು ಮಧ್ಯಾಹ್ನ ನನಗೆ ತಾಳ್ಮೆ ತಪ್ಪಿತು. ಹೋಗಿ ಅತ್ತೆಯ ರಟ್ಟೆ ಹಿಡಿದು ಎಬ್ಬಿಸಿದೆ.

"ನೀರಿನ ತಪ್ಪನ್ನ ಕೈಮ್ಯಾಲೆ ಯಾಕೆ ಹಾಕ್ಕೊಂತೀರಿ? ಬರ್ರಿ, ಒಂದು ಎಲೆ ಕೊಡ್ರಿ."

"ಬ್ಯಾಡ ಕಣೇ. ಮತ್ತೇನಾದ್ರೂ ಆದೀತು."

"ಆದ್ರೆ ನನ್ನ ಮ್ಯಾಲೆ ಹಾಕ್ರಿ."

ಬೇಯಿಸಿದ ಪಾಲಕ್ ಎಲೆ ಹಿಡಿದು ಅವರು ಕೈಯನ್ನು ನೀರಿಗಿಳಿಸಿದರು. ಕ್ರೇಫಿಶ್ ಎಲೆಯನ್ನು ಮೂಸಿ ಆಚೆ ತಳ್ಳಿತು. ಅತ್ತೆ ಕಣ್ಣು ಮುಚ್ಚಿಕೊಂಡರು. ಅಷ್ಟರಲ್ಲಿ ಅದು ಒಂದು ಹೆಜ್ಜೆ ಮುಂದೆ ಬಂದು ಅವರ ತೋರುಬೆರಳನ್ನು ಗಪ್ಪನೆ ಹಿಡಿದುಕೊಂಡಿತು.

"ಅಯ್ಯಯ್ಯೋ ಶಿವನೇ!"

ಬಿಡಿಸಲು ನಾನು ಕೈ ಹಾಕಿದೆ. ಅತ್ತೆ ಇನ್ನೊಂದು ಕೈಯಿಂದ ನನ್ನನ್ನು ತಡೆದರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಮುಖ ನಗುತ್ತಿತ್ತು.

"ಬಿಡಿಸಬ್ಯಾಡ ಕಣೇ, ಇರ್ಲಿ. ಎಷ್ಟು ಗಟ್ಟಿ ಹಿಡದೈತಿ ನೋಡು."

ಅದಾಗಿಯೇ ಬಿಡುವವರೆಗೂ ಅವರು ಹಾಗೇ ನಿಂತಿದ್ದರು, ನಾನು ಅವರ ಸೊಂಟ ಹಿಡಿದುಕೊಂಡು ನಿಂತಿದ್ದೆ.