ಗಿರಿಜಾದೇವಿಯ ಹೊಟ್ಟೆ ಉರಿ

ವೀರಣ್ಣನ ಎರಡೂ ಮಂಡಿಗಳ ಮೇಲೆ ಎತ್ತಿನ ಹೆಗಲಿನಂತೆ ಚರ್ಮ ಜಡ್ಡುಗಟ್ಟಿದೆ. ಹನ್ನೊಂದು ವರ್ಷ ಲಂಡನ್ನಿನ ಆಂಬುಲೆನ್ಸಿನಲ್ಲಿ ಪ್ಯಾರಾಮೆಡಿಕ್ ಆಗಿ ದುಡಿದವನ ಮಂಡಿ ಅದು. ಜನ ಮೆತ್ತನೆಯ ಹಾಸಿಗೆ ನೋಡಿಕೊಂಡು ಕುಸಿಯುವುದಿಲ್ಲ. ಕಕ್ಕಸಿನಲ್ಲಿ, ಅಂಗಡಿಯ ಹಿಂಬದಿಯಲ್ಲಿ, ಟ್ಯೂಬ್ ರೈಲಿನ ಪ್ಲಾಟ್‌ಫಾರ್ಮಿನಲ್ಲಿ ಬೀಳುತ್ತಾರೆ. ಅಲ್ಲೇ ಮಂಡಿಯೂರಿ ಎದೆ ಒತ್ತಬೇಕು. ಉಸಿರು ಬಂದರೆ ಕುರ್ಚಿಗೆ ಬಿಗಿದು ಮೆಟ್ಟಿಲು ಇಳಿಸಬೇಕು. ಮನುಷ್ಯ ನೂರಿಪ್ಪತ್ತು ಕಿಲೋ ಇದ್ದ ದಿನವೇ ಲಿಫ್ಟು ಕೆಟ್ಟಿರುತ್ತದೆ. ಹನ್ನೆರಡು ತಾಸಿನ ಪಾಳಿಯಲ್ಲಿ ಉಚ್ಚೆ ಹೊಯ್ಯಲು ಬಿಡುವು ಸಿಕ್ಕರೆ ಅದೇ ಹಬ್ಬ.

ಇಲ್ಲಿ ಊರಿನಲ್ಲಿ ನಾವು ಚಳವಳಿಗೆಂದು ರಸ್ತೆ ತಡೆ ಮಾಡುತ್ತಿದ್ದ ದಿನಗಳಲ್ಲಿ ಮಂತ್ರಿಯ ಕಾರಿಗೆ ಬಿಡದ ದಾರಿಯನ್ನು ಆಂಬುಲೆನ್ಸಿಗೆ ಬಿಡುತ್ತಿದ್ದೆವು. ಆದರೆ ಒಳಗೆ ಕೂತವನ ಮುಖ ನಮ್ಮಲ್ಲಿ ಒಬ್ಬರೂ ನೋಡಿದ್ದಿಲ್ಲ. ವೀರಣ್ಣನ ಸಂಕಟ ಅದೇ. ಅವನ ಮುಖ ಯಾರೂ ನೋಡುವುದಿಲ್ಲ, ಷಡ್ಡಕನ ಮುಖ ಎಲ್ಲರೂ ನೋಡುತ್ತಾರೆ.

ಷಡ್ಡಕ ಎಂದರೆ ಸಮರ್ಥ, ವೀರಣ್ಣನ ಹೆಂಡತಿ ಸ್ಫೂರ್ತಿಯ ತಂಗಿ ತನ್ಮಯಿಯ ಗಂಡ. ಲಂಡನ್ನಿನಲ್ಲೇ ಬೆಂಕಿ ಆರಿಸುವ ಕೆಲಸ. ಕೆಂಪು ಗಾಡಿ ಹೋದರೆ ಮಕ್ಕಳು ಕೈ ಬೀಸುತ್ತವೆ, ಆಂಬುಲೆನ್ಸು ಹೋದರೆ ಮುದುಕರು ಮುಖ ತಿರುಗಿಸುತ್ತಾರೆ. ಸಮರ್ಥನ ಠಾಣೆಯಲ್ಲಿ ವ್ಯಾಯಾಮದ ಕೋಣೆ ಇದೆ, ಒಟ್ಟಿಗೆ ಕೂತು ಉಣ್ಣುವ ಉದ್ದನೆಯ ಮೇಜಿದೆ. ವೀರಣ್ಣನ ಊಟ ಸ್ಟಿಯರಿಂಗಿನ ಮೇಲೆ.

ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಹದಿನೈದು ವರ್ಷದ ಹಿಂದೆ ಆ ಕೆಂಪು ಗಾಡಿಗೆ ಮೊದಲು ಅರ್ಜಿ ಹಾಕಿದವನು ವೀರಣ್ಣ. ಓಡಿದ, ಏಣಿ ಎತ್ತಿದ, ನೀರಿನ ಪೈಪು ಎಳೆದ. ಕೊನೆಗೆ ಕಣ್ಣು ಮುಚ್ಚಿದ ಮುಖವಾಡ ಹಾಕಿಕೊಂಡು ಇಕ್ಕಟ್ಟಾದ ಕತ್ತಲ ಸುರಂಗದಲ್ಲಿ ತೆವಳಬೇಕಿತ್ತು. ಅರ್ಧ ದಾರಿಯಲ್ಲಿ ಗೋಡೆ ಬಡಿದು "ತೆಗೀರಿ" ಎಂದು ಕೂಗಿಬಿಟ್ಟ. ಅದು ಸ್ಫೂರ್ತಿಗೆ ಮಾತ್ರ ಗೊತ್ತು. ನಾಲ್ಕು ವರ್ಷದ ಮೇಲೆ ಸಮರ್ಥ ಅದೇ ಕೆಲಸಕ್ಕೆ ಹೊರಟಾಗ ತಮ್ಮ ಬಡಾವಣೆಯಾದ ಸೌತ್‌ಹಾಲಿನ ಪಾರ್ಕಿನಲ್ಲಿ ಗಡಿಯಾರ ಹಿಡಿದು ಅವನನ್ನು ದಿನಾ ಓಡಿಸಿದವನೂ ಇವನೇ. ಸಮರ್ಥ ಪಾಸಾದ. ಪೇಡೆ ಹಂಚಿದ. ವೀರಣ್ಣ ಪೇಡೆ ತಿಂದ. ಅದು ಇನ್ನೂ ಗಂಟಲಿನಿಂದ ಇಳಿದಿಲ್ಲ.

ಈ ಬೇಸಿಗೆಯಲ್ಲಿ ಅತ್ತೆ ಗಿರಿಜಾದೇವಿ ಧಾರವಾಡದಿಂದ ಬಂದರು. ಅತ್ತೆಯ ಬಾಯಿಂದ ಒಂದೇ ಒಂದು ಒಳ್ಳೆಯ ಮಾತು ಬೀಳಲಿ, ಮಾವಂದಿರಲ್ಲಿ ಮೈದುನರಲ್ಲಿ ತನ್ನ ಕೆಲಸಕ್ಕೂ ಒಂದು ಬೆಲೆ ಬರಲಿ ಎಂದು ನಲವತ್ತು ದಾಟಿದ ಗಂಡಸು ಕೂಸಿನಂತೆ ಕಾದ. ಅವರು ಬಂದ ವಾರದಲ್ಲೇ ಸಮರ್ಥನ ಠಾಣೆಗೆ ಹೋಗಿ, ಸೆರಗಿನ ಮೇಲೆ ಹೆಲ್ಮೆಟ್ಟು ಹಾಕಿಕೊಂಡು ಫೋಟೋ ತೆಗೆಸಿಕೊಂಡು ಊರಿಗೆಲ್ಲ ಕಳಿಸಿದರು.

"ಅವ್ವಾ, ಇವರ ಆಂಬುಲೆನ್ಸೂ ನೋಡಿ ಬರೂಣಲ್ಲ?" ಎಂದಳು ಸ್ಫೂರ್ತಿ.

"ಹೆಣದ ಗಾಡ್ಯಾಗ ಏನ್ ನೋಡೂದೈತಿ?"

ಫೋನಿನಲ್ಲಿ ಊರಿನವರಿಗೆ ಹೇಳುವಾಗಲೂ ಅಷ್ಟೇ: "ಸಣ್ಣ ಅಳಿಯಾರು ಬೆಂಕ್ಯಾಗ ಹೊಕ್ಕು ಜೀವಾ ಉಳಸ್ತಾರ. ದೊಡ್ಡವರು ದವಾಖಾನಿ ಗಾಡಿ ಹೊಡೀತಾರ." ಮೂರು ವರ್ಷ ಓದಿ, ಪದವಿ ಪಡೆದು, ರಕ್ತನಾಳ ಹುಡುಕುವುದರಲ್ಲಿ ಎತ್ತಿದ ಕೈ ಎನಿಸಿಕೊಂಡವನು ಅತ್ತೆಯ ಲೆಕ್ಕದಲ್ಲಿ ಡ್ರೈವರು.

ಆ ಭಾನುವಾರ ಸೌತ್‌ಹಾಲಿನಲ್ಲಿ, ವೀರಣ್ಣನ ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಊಟ. ರೊಟ್ಟಿ, ಎಣ್ಣೆಗಾಯಿ, ಅತ್ತೆ ಊರಿನಿಂದ ತಂದ ಕೆಂಪು ಮೆಣಸಿನಕಾಯಿಯ ರಂಜಕ. ಲಿಫ್ಟು ಗುರುವಾರದಿಂದ ನಿಂತಿತ್ತು. ಹೊರಗಿನ ಕೋಣೆಯಲ್ಲಿ ಸಮರ್ಥ ಸುಡುತ್ತಿದ್ದ ಫ್ಲ್ಯಾಟಿನಿಂದ ಯಾರದೋ ಆಮೆಯನ್ನು ಉಳಿಸಿದ ಕಥೆ ಹೇಳುತ್ತಿದ್ದ.

"ಆಮಿ ಓಡಾಕ ತಯಾರಿಲ್ಲ ನೋಡ್ರಿ! ನಾನು ಬಾ ಅಂದ್ರ ತಲಿ ಒಳಗ ಎಳಕೋತದ!"

ಎಲ್ಲರೂ ನಕ್ಕರು. ಆಮೆಗೂ ಸಿಕ್ಕ ಮರ್ಯಾದೆ ತನಗಿಲ್ಲ ಎಂದುಕೊಂಡು ವೀರಣ್ಣ ನೀರಿಗಾಗಿ ಎದ್ದ. ಅಡುಗೆಮನೆಯ ಗೋಡೆ ಗಡಿಯಾರದಲ್ಲಿ ಒಂದು ಗಂಟೆ ಹತ್ತು ನಿಮಿಷ. ಒಳಗೆ ಅತ್ತೆ ಬಾಗಿಲಿಗೆ ಬೆನ್ನು ಹಾಕಿ ನಿಂತು ಸ್ಫೂರ್ತಿಗೆ ಹೇಳುತ್ತಿದ್ದರು: "ಹೊಟ್ಟಿ ಉರಿಯಾಕತ್ತೈತಿ."

ಸ್ಫೂರ್ತಿ ನಕ್ಕಳು. "ಹೊಟ್ಟಿ ಉರಿಯೋರು ಹೊರಗ ಕುಂತಾರ ಬಿಡು. ನಿಂದು ರಂಜಕ ಜಾಸ್ತಿ ಆಗಿದ್ದು."

ನೀರು ಕುಡಿಯದೆ ವೀರಣ್ಣ ತಿರುಗಿದ. ಹೆಂಡತಿಯೂ ಸೇರಿಕೊಂಡು ತನ್ನನ್ನು ಆಡಿಕೊಳ್ಳುತ್ತಿದ್ದಾಳೆ. ಬಾಲ್ಕನಿಗೆ ಹೋಗಿ ಕೆಳಗಿನ ರಸ್ತೆ ನೋಡುತ್ತಾ ನಿಂತ. ಆಡಿಕೊಂಡ ಮಾತನ್ನೇ ಮೆಲುಕು ಹಾಕಿದ. ಅದಕ್ಕೂ ಮೊದಲು ಅತ್ತೆ ಆಡಿದ ಎರಡು ಪದಗಳನ್ನು ಮಾತ್ರ ಬಿಟ್ಟುಬಿಟ್ಟ. ವಯಸ್ಸಾದ ಹೆಂಗಸರ ಹೃದಯ ಎದೆಯಲ್ಲಿ ನೋಯುತ್ತದೆ ಎಂದು ಕಾಯಬೇಡಿ, ಹೊಟ್ಟೆ ಉರಿ ಅಂದರೂ ಮೊದಲು ಹೃದಯವನ್ನೇ ನೋಡಿ ಎಂದು ಹೊಸಬರಿಗೆ ಕಲಿಸುವವನು ಇವನೇ. ಅದರಲ್ಲೂ ಗಿರಿಜಾದೇವಿ ಅಳಿಯಂದಿರ ಎದುರು ಸೆರಗು ಸರಿಸದ ಕಾಲದವರು. ಸತ್ತರೂ 'ಎದಿ' ಎಂಬ ಮಾತು ಆಡುವವರಲ್ಲ. ಎಲ್ಲ ಗೊತ್ತಿತ್ತು. ಗೊತ್ತಿದ್ದದ್ದರ ಮೇಲೆ ಅಸೂಯೆ ಕಂಬಳಿ ಹಾಸಿತ್ತು.

ಒಂದೂ ಮೂವತ್ತೈದಕ್ಕೆ ಊಟಕ್ಕೆ ಕರೆದರು. ಬಿಗಿದ ಮುಖದಲ್ಲೇ ಬಂದು ಕೂತ. ಅತ್ತೆ ರೊಟ್ಟಿ ಬಡಿಸಲು ಬಾಗಿದರು. ಮೇಲ್ತುಟಿಯ ಮೇಲೆ ಬೆವರು, ಮುಖ ಬೂದಿಯ ಬಣ್ಣ, ಸೆರಗಿನೊಳಗೆ ಎಡಗೈ ದವಡೆ ತಿಕ್ಕುತ್ತಿದೆ.

ವೀರಣ್ಣ ತಟ್ಟೆ ತಳ್ಳಿ ಎದ್ದ.

"ಅತ್ತಿಯಾರ, ಕೂಡ್ರಿ. ಅಲ್ಲೇ, ನೆಲದ ಮ್ಯಾಲೇ. ಸ್ಫೂರ್ತಿ, ಆಂಬುಲೆನ್ಸಿಗೆ ಫೋನ್ ಹಚ್ಚು. ಎದಿ ಬ್ಯಾನಿ ಅಂತ ಹೇಳು."

"ಎದಿ ಅಲ್ರಿ, ಹೊಟ್ಟಿ…" ಎಂದರು ಗಿರಿಜಾದೇವಿ, ನಾಚಿಕೆಯಿಂದ.

ಆಸ್ಪಿರಿನ್ ಇವರಿಗೆ ಆಗುತ್ತದೆಯೇ ಎಂದು ಹೆಂಡತಿಯನ್ನು ಕೇಳಿ, ಒಂದು ಮಾತ್ರೆ ಕೊಟ್ಟ. "ನುಂಗಬ್ಯಾಡ್ರಿ, ಅಗೀರಿ." ನಾಡಿ ಹಿಡಿಯಲು ಕೈ ಚಾಚಿದರೆ ಅವರು ಕೈ ಎಳೆದುಕೊಂಡರು.

"ಅಳಿಯಂದ್ರು ಮುಟ್ಟಬಾರದ್ರಿ."

"ಇವತ್ತು ಅಳಿಯಾ ಅಲ್ಲ, ಡ್ರೈವರ್ ಅಂತ ತಿಳ್ಕೋರಿ."

ಕೈ ಬಿಟ್ಟರು.

ಸಮರ್ಥ ಆಗಲೇ ಕುಕ್ಕರಗಾಲಿನಲ್ಲಿ ಕೂತು ಹೆಗಲು ಕೊಟ್ಟಿದ್ದ. "ಅಣ್ಣಾರ, ಹೆಗಲ ಮ್ಯಾಲೆ ಹಾಕ್ಕೊಂಡು ಎರಡ ನಿಮಿಷದಾಗ ಕೆಳಗ ಇಳಸ್ತೀನಿ."

"ಹೊಗಿಯಾಗಿಂದ ಎಳ್ಯೂದು ಬ್ಯಾರೆ, ಇದು ಬ್ಯಾರೆ. ಎದಿ ನಿನ್ನ ಹೆಗಲಿಗೆ ಒತ್ತಿತಂದ್ರ ಅರ್ಧ ಮೆಟ್ಟಲದಾಗ ಮುಗೀತು. ಬಾಗಲಾ ತಗದು ಹಾದಿ ಮಾಡು."

ಪಾರ್ಕಿನ ದಿನಗಳ ಮೇಲೆ ಮೊದಲ ಸಲ ಸಮರ್ಥ ಇವನು ಹೇಳಿದಷ್ಟು ಮಾಡಿದ. ಹೌದು, ಆ ಗಳಿಗೆಯಲ್ಲೂ ವೀರಣ್ಣನಿಗೆ ಅದು ಹಿತವೆನಿಸಿತು. ಸುಳ್ಳೇಕೆ?

ಹತ್ತು ನಿಮಿಷದಲ್ಲಿ ಆಂಬುಲೆನ್ಸಿನವರು ಬಂದರು. ಹಿರಿಯಳು ವೀರಣ್ಣನ ಪರಿಚಯದವಳು. ಎದೆಗೆ ಇಸಿಜಿಯ ತಂತಿ ಹಚ್ಚಿದಳು, ಕಾಗದ ನೋಡಿದಳು, ವೀರಣ್ಣನಿಗೆ ತೋರಿಸಿದಳು. ಹೃದಯಾಘಾತವೇ.

"ಯಾವಾಗ ಶುರುವಾಯಿತು?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಈಗಷ್ಟೇ, ಊಟಕ್ಕೆ ಕೂತಾಗ," ಎಂದಳು ತನ್ಮಯಿ.

ಆಸ್ಪತ್ರೆಯಲ್ಲಿ ಮುಂದಿನ ಎಲ್ಲವನ್ನೂ ನೋವು ಶುರುವಾದ ಹೊತ್ತು ಹಿಡಿದೇ ಎಣಿಸುತ್ತಾರೆ. ವೀರಣ್ಣ ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

"ಒಂದು ಹತ್ತಕ್ಕೆ," ಎಂದ. "ಅದಕ್ಕಿಂತ ಮೊದಲೂ ಇರಬಹುದು. ನಾನು ಕೇಳಿಸಿಕೊಂಡಿದ್ದೆ."

ಸ್ಫೂರ್ತಿ ತಲೆ ಎತ್ತಿ ಗಂಡನ ಮುಖ ನೋಡಿದಳು. ಬಂದವಳು ಬರೆದುಕೊಂಡಳು.

ಒಬ್ಬಳು ಮಾನಿಟರಿನಿಂದ ಕಣ್ಣು ತೆಗೆಯುವಂತಿರಲಿಲ್ಲ, ಇನ್ನೊಬ್ಬನ ಕೈಯಲ್ಲಿ ಆಮ್ಲಜನಕ ಮತ್ತು ಚೀಲಗಳು. ಕುರ್ಚಿ ಹೊತ್ತವರು ಷಡ್ಡಕರು. ವೀರಣ್ಣ ಹಿಂದೆ, ತಲೆಯ ಕಡೆ. ಸಮರ್ಥ ಮುಂದೆ, ಕಾಲಿನ ಕಡೆ, ಅತ್ತೆಗೆ ಮುಖ ಮಾಡಿ ಹಿಮ್ಮುಖವಾಗಿ ಮೆಟ್ಟಿಲು ಇಳಿಯುತ್ತಾ.

"ಕಾಲ ನೋಡ್ಬ್ಯಾಡ. ನಾ ಎಣಸ್ತೀನಿ, ನೀ ಇಳಿ. ಒಂದ… ಎರಡ… ನಿಲ್ಲು. ಉಸರ ತಗೊ," ಎಂದ ವೀರಣ್ಣ.

ಮೂರು ಮಹಡಿ. ವೀರಣ್ಣನ ಸೊಂಟದಲ್ಲಿ ಏನೋ ಕಟ್ಟೆಂದಿತು. ಎಣಿಕೆ ತಪ್ಪಲಿಲ್ಲ.

ಹೃದಯದ ನಾಳಕ್ಕೆ ಸ್ಟೆಂಟು ಹಾಕಿದರು. ಹೃದಯದ ಒಂದಿಷ್ಟು ಮಾಂಸ ಮಾತ್ರ ಸತ್ತಿದೆ, ಅದು ಮತ್ತೆ ಬಾರದು ಎಂದರು ಡಾಕ್ಟರು. ಗಿರಿಜಾದೇವಿ ಮೂರನೆಯ ದಿನ ವಾರ್ಡಿನಿಂದ ಧಾರವಾಡಕ್ಕೆ ಫೋನು ಮಾಡಿದರು. ಇಬ್ಬರು ಅಳಿಯಂದಿರೂ ಅಲ್ಲೇ ಇದ್ದರು.

"ಸಣ್ಣ ಅಳಿಯಾರು ಹೂವಿನ್ಹಂಗ ಎತಗೊಂಡು ಇಳಸಿದ್ರವ್ವಾ. ಕಣ್ಣು ತಗದಾಗೊಮ್ಮೆ ಅವರ ಮುಖಾನ ಕಂಡೆ, ದೇವರ ಕಂಡ್ಹಂಗಾತು."

ಸಮರ್ಥ ಮುಜುಗರದಿಂದ, "ಅತ್ತಿಯಾರ, ಎಲ್ಲಾ ಮಾಡಿದ್ದು ಅಣ್ಣಾರು. ಹಿಂದ ಅವರಿದ್ರು," ಎಂದ.

ವೀರಣ್ಣನ ಹೊಟ್ಟೆಯೊಳಗೆ ಹಳೆಯ ಕೆಂಡ ಕೆಂಪಾಯಿತು. ಎಲ್ಲವನ್ನೂ ಹೇಳಿಬಿಡುವ ಮಾತು ನಾಲಿಗೆಯ ತುದಿಗೆ ಬಂತು. ಅದರ ಬೆನ್ನಿಗೇ ಬಾಲ್ಕನಿಯಲ್ಲಿ ನಿಂತು ಕಳೆದ ಆ ಇಪ್ಪತ್ತೈದು ನಿಮಿಷಗಳೂ ಬಂದವು.

"ಇಲ್ಲ ಬಿಡ್ರಿ," ಎಂದ. "ಎತ್ತಿದ್ದು ಅವನೇ."

ಕಾರಿಡಾರಿನಲ್ಲಿ ಸ್ಫೂರ್ತಿ ಕೇಳಿದಳು: "ಅವತ್ತು ಅಡಗಿಮನಿ ಬಾಗಲದಾಗ ನಿಂತಿದ್ರೇನು?"

"ಹೂಂ."

"ನಾನೂ ನಕ್ಕೆನಲ್ರಿ," ಎಂದಳು.

ಕಿಟಕಿಯ ಕೆಳಗೆ ಆಂಬುಲೆನ್ಸುಗಳು ಸಾಲಾಗಿ ನಿಂತಿದ್ದವು. ನಾಳೆ ಬೆಳಿಗ್ಗೆ ಆರಕ್ಕೆ ಅವನ ಪಾಳಿ. ವೀರಣ್ಣ ಸೊಂಟಕ್ಕೆ ಕೈ ಕೊಟ್ಟು ನಿಂತ. ಒಳಗೆ ವಾರ್ಡಿನಲ್ಲಿ ಸಮರ್ಥ ಆಮೆಯ ಕಥೆಯನ್ನು ನರ್ಸಿಗೆ ಹೇಳುವುದು ಕೇಳಿಸುತ್ತಿತ್ತು.